ಉಪವಾಸ ಮನಸ್ಸನ್ನು ಹಗುರ ಮಾಡೀತೇ?

ಏಕಾದಶಿಯ ದಿನ ಮೈಯೂ ಹಗುರ, ಮನಸ್ಸೂ ಹಗುರ ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದೇ ದಿನ ಮಧ್ಯಾಹ್ನ ಕಳೆಯುವುದರೊಳಗೆ ಸಿಡುಕಲು ಶುರುಮಾಡಿ ಮನೆಮಂದಿಯ ಮೇಲೆಲ್ಲ ಹರಿಹಾಯುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೂಕ ಇಳಿಸಲೆಂದು ಜನ ಹಿಡಿದಿರುವ ಇಂಟರ್ಮಿಟೆಂಟ್ ಫಾಸ್ಟಿಂಗ್ ಖಿನ್ನತೆಗೂ ಒಳ್ಳೆಯದಂತೆ ಎಂಬ ಮಾತು ಈಗ ಓಡಾಡುತ್ತಿದೆ. ದಿನದ ಊಟ-ತಿಂಡಿಯನ್ನೆಲ್ಲ ಎಂಟು ಗಂಟೆಯೊಳಗೆ ಮುಗಿಸಿ ಉಳಿದ ಹದಿನಾರು ಗಂಟೆ ಹೊಟ್ಟೆಗೆ ಬಿಡುವು ಕೊಡುವುದು ಇದರಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಕ್ರಮ.

ಈ ನಂಬಿಕೆಗೆ ಬುಡವಿಲ್ಲದಿಲ್ಲ. ಕೊನೆಯ ತುತ್ತು ಇಳಿದು ಹನ್ನೆರಡು ಗಂಟೆ ದಾಟಿದ ಮೇಲೆ, ಕೆಲವರಲ್ಲಿ ಇನ್ನೂ ತಡವಾಗಿ, ಯಕೃತ್ತು ಕೂಡಿಟ್ಟುಕೊಂಡಿದ್ದ ಗ್ಲೈಕೋಜನ್ ಕರಗುತ್ತ ಬರುತ್ತದೆ. ಆಗ ದೇಹ ಕೊಬ್ಬನ್ನು ಒಡೆದು ಕೀಟೋನ್ ತಯಾರಿಸುತ್ತದೆ, ಮಿದುಳು ಅದನ್ನೂ ಉರಿಸಿಕೊಂಡು ಕೆಲಸ ಮಾಡುತ್ತದೆ. ಅಮೆರಿಕದ ನರವಿಜ್ಞಾನಿ ಮಾರ್ಕ್ ಮ್ಯಾಟ್ಸನ್ ಮತ್ತು ಸಂಗಡಿಗರು ಇಲಿಗಳನ್ನು ಉಪವಾಸ ಕೆಡವಿ ನೋಡಿದಾಗ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು ಮಿದುಳಿನಲ್ಲಿ ಹೆಚ್ಚಿತ್ತು. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳೂ ಇಲಿಗಳಲ್ಲಿ ಇದೇ ಪ್ರೋಟೀನನ್ನು ಹೆಚ್ಚಿಸುತ್ತವೆ. ಆಸೆ ಚಿಗುರಿದ್ದು ಇಲ್ಲಿಂದಲೇ. ಆದರೆ ಇಲಿಯ ಪುಟ್ಟ ದೇಹಕ್ಕೆ ಒಂದು ದಿನದ ಉಪವಾಸವೆಂದರೆ ನಮಗೆ ಹಲವು ದಿನ ಅನ್ನ ಬಿಟ್ಟಂತೆ. ಇಲಿಯ ಲೆಕ್ಕವನ್ನು ನೇರವಾಗಿ ಮನುಷ್ಯನಿಗೆ ಹಚ್ಚುವಂತಿಲ್ಲ.

ಮನುಷ್ಯರನ್ನೇ ಹಸಿವಿನಲ್ಲಿಟ್ಟು ನೋಡಿದ ಪ್ರಯೋಗವೂ ಒಂದಿದೆ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಬರಗೆಟ್ಟ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಮಿನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಸೇನೆಗೆ ಸೇರಲೊಪ್ಪದ 36 ತರುಣರನ್ನು 1945ರಲ್ಲಿ ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಬ್ರೆಡ್ಡು, ಆಲೂಗಡ್ಡೆ, ಟರ್ನಿಪ್, ಮ್ಯಾಕರೋನಿಯಂಥದ್ದೇ ಊಟ. ತೂಕ ಕಾಲುಭಾಗದಷ್ಟು ಇಳಿಯಿತು. ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಅವರ ಮನಸ್ಸಿನ ಪಾಡು. ಅವರು ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದುತ್ತಿದ್ದರು, ಗೆಳೆಯರಿಂದ ದೂರ ಸರಿದು ಮಂಕಾಗಿ ಕೂರುತ್ತಿದ್ದರು. ಅವರಲ್ಲೊಬ್ಬ ಕೊಡಲಿಯಿಂದ ತನ್ನ ಬೆರಳುಗಳನ್ನೇ ಕಡಿದುಕೊಂಡ. ಎಂದಿನಷ್ಟೇ ಉಂಡು ಊಟದ ಹೊತ್ತನ್ನು ಬಿಗಿ ಮಾಡುವುದು ಬೇರೆ, ಉಣ್ಣುವುದನ್ನೇ ದೀರ್ಘಕಾಲ ಕಡಿತ ಮಾಡುವುದು ಬೇರೆ. ಫಾಸ್ಟಿಂಗ್ ಹೆಸರಿನಲ್ಲಿ ಎಷ್ಟೋ ಜನ ಮಾಡುತ್ತಿರುವುದು ಎರಡನೆಯದನ್ನೇ.

ಹೊತ್ತಿನ ಮಾತು ಬಂದರೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬಾಸ್ಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ 19 ಆರೋಗ್ಯವಂತರನ್ನು ಮಂದ ಬೆಳಕಿನಲ್ಲಿಟ್ಟು, ದಿನಕ್ಕೆ 28 ಗಂಟೆ ಎಂಬಂತೆ ಎಚ್ಚರ-ನಿದ್ದೆ ಮಾಡಿಸಿದರು. ನಾಲ್ಕನೇ ‘ದಿನ’ ಬರುವಷ್ಟರಲ್ಲಿ ಹಗಲು-ರಾತ್ರಿ ಪೂರ್ತಿ ತಿರುವುಮುರುವು, ರಾತ್ರಿ ಪಾಳಿಯವರ ಬದುಕೇ ಹಾಗಲ್ಲವೇ! ಒಂದು ಗುಂಪು ಹಗಲು-ರಾತ್ರಿ ಎರಡೂ ಹೊತ್ತು ಉಂಡಿತು, ಇನ್ನೊಂದು ಹಗಲಿನಲ್ಲಿ ಮಾತ್ರ. ರಾತ್ರಿಯೂ ಉಂಡವರಲ್ಲಿ ಖಿನ್ನತೆಯಂಥ ಮನಸ್ಥಿತಿ ಶೇ. 26ರಷ್ಟು, ಆತಂಕ ಶೇ. 16ರಷ್ಟು ಏರಿತು. ಹಗಲೂಟದವರಲ್ಲಿ ಈ ಏರಿಕೆ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಅದರಲ್ಲಿದ್ದವರು ರೋಗಿಗಳೂ ಅಲ್ಲ. ಆದರೂ, ಮಧ್ಯರಾತ್ರಿ ಬಿರಿಯಾನಿ ತರಿಸಿಕೊಳ್ಳುವ ಬೆಂಗಳೂರಿನ ರಾತ್ರಿ ಪಾಳಿಯ ನೌಕರರಿಗೆ, ಹದಿನಾರು ಗಂಟೆಯ ಹಟಕ್ಕಿಂತ ಊಟವನ್ನು ಹಗಲಿಗೆ ಸರಿಸುವುದೇ ಮೊದಲು ಮಾಡಿ ನೋಡಬಹುದಾದ ಬದಲಾವಣೆ ಎಂದು ನನಗನ್ನಿಸುತ್ತದೆ.

ಉಪವಾಸದಿಂದ ಖಿನ್ನತೆಯ ಅಂಕ ಇಳಿಯಿತೆಂದ ಅಧ್ಯಯನಗಳಲ್ಲೂ ಹೆಚ್ಚಿನವು ನಡೆದದ್ದು ತೂಕ ಹೆಚ್ಚಿದ್ದವರ ಮೇಲೋ ಆರೋಗ್ಯವಂತರ ಮೇಲೋ. ತೂಕ ಇಳಿದ ಖುಷಿಯನ್ನು ಉಪವಾಸದ ಗುಣದಿಂದ ಬೇರ್ಪಡಿಸುವುದು ಸುಲಭವಲ್ಲ. ತಾನು ಉಪವಾಸದ ಗುಂಪಿನಲ್ಲಿದ್ದೇನೆಂದು ಹೊಟ್ಟೆಗೇ ಗೊತ್ತಿರುವುದರಿಂದ, ಔಷಧ ಪರೀಕ್ಷೆಯಲ್ಲಿ ಮಾಡುವಂತೆ ಸಕ್ಕರೆ ಗುಳಿಗೆ ಕೊಟ್ಟು ಮರೆಸುವಂತೆಯೂ ಇಲ್ಲ.

ಖಿನ್ನತೆ ನಿಜವಾಗಿಯೇ ಹಿಡಿದವರ ಕಥೆ ಇನ್ನೂ ತೊಡಕಿನದು. ಹಸಿವೇ ಆಗದಿರುವುದು ಆ ಕಾಯಿಲೆಯ ಲಕ್ಷಣಗಳಲ್ಲೊಂದು. ‘ಫಾಸ್ಟಿಂಗ್ ಮಾಡ್ತಿದೀನಿ’ ಅಂದುಬಿಟ್ಟರೆ ತಟ್ಟೆ ಯಾಕೆ ಹಾಗೇ ಉಳಿಯಿತೆಂದು ಮನೆಯವರು ಕೇಳುವುದಿಲ್ಲ. ಊಟದ ಜೊತೆ ತೆಗೆದುಕೊಳ್ಳಲೇಬೇಕಾದ ಮಾತ್ರೆಗಳಿವೆ, ಖಾಲಿ ಹೊಟ್ಟೆಯಲ್ಲಿ ಅವು ಸರಿಯಾಗಿ ಮೈಗೆ ಹತ್ತುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವವರಿಗಂತೂ ನೀರು ಬಿಡುವುದೇ ಅಪಾಯ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ಅಂಥವರು ನಿರ್ಜಲ ಏಕಾದಶಿ ಹಿಡಿಯುವ ಮುಂಚೆ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳಬೇಕು. ಕೈನಡುಕ, ವಾಂತಿ, ತೊದಲು ಕಾಣಿಸಿಕೊಂಡರೆ ಪಾರಣೆಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.