ವರ್ಗವೂ ಕೊಂಡಿಯೂ

ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ನಮಗೊಂದು ತೊಡಕು ಬರುತ್ತಿದ್ದಿತು. ಕಬ್ಬು ವನೌಷಧಿವರ್ಗದಲ್ಲಿ; ಅದರಿಂದಾಗುವ ಸಕ್ಕರೆಯಾದರೋ ವೈಶ್ಯವರ್ಗದಲ್ಲಿ. ಎರಡನ್ನೂ ಜೋಡಿಸಿ ತೋರಿಸುವವರು ಗುರುಗಳು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿಯೂ ಲೇಖನಗಳ ಗುಂಪಿಗೆ ‘ವರ್ಗ’ವೆಂದೇ ಹೆಸರು, ಅನ್ಯ ಜಾಲಪುಟಗಳಲ್ಲಿ ಇಂಥದಕ್ಕೆ ಟ್ಯಾಗು ಎನ್ನುವರು. ಗುರುಗಳ ಕೆಲಸವನ್ನು ಅಲ್ಲಿ ಕೊಂಡಿಗಳು ಮಾಡುವವು.

ನಮ್ಮ ಮಹಾಲಿಂಗಪುರವು ಬೆಲ್ಲದ ಪೇಟೆಯೆಂದು ಹೆಸರಾದ ಊರು. ಇದರ ಲೇಖನವನ್ನು ಬಾಗಲಕೋಟೆ ಜಿಲ್ಲೆಯ ವರ್ಗದಲ್ಲಿರಿಸಿ ಸುಮ್ಮನಾದರೆ, ಜಿಲ್ಲೆಯನ್ನು ಬಲ್ಲವರು ಮಾತ್ರ ಅದನ್ನು ಕಾಣುವರು. ಬೆಲ್ಲದಿಂದ ಊರಿಗೆ, ಊರಿನಿಂದ ಕಬ್ಬಿಗೆ ಕೊಂಡಿ ಹಾಕಿದರೆ, ಹೋಳಿಗೆಯ ಹೂರಣವನ್ನು ಕುರಿತು ಓದಹೊರಟ ಗೃಹಿಣಿಯೂ ಇಲ್ಲಿಗೆ ಬಂದು ಸೇರುವಳು.

ಆದರೆ ವಾಚಕರ ಸಂಖ್ಯೆಯ ಆಶೆ ಕೆಟ್ಟದು. ಬೆಲ್ಲದ ಪೇಟೆಯನ್ನು ಕುರಿತ ನಮ್ಮದೊಂದು ಜಾಲಪುಟಕ್ಕೆ ನಾವು ‘ಔಷಧ’ವೆಂದೂ ಟ್ಯಾಗು ಅಂಟಿಸಿದ್ದೆವು. ಓಣಿಯ ತಾಯಿಯೊಬ್ಬಳು, “ಕೂಸಿನ ಕೆಮ್ಮಿಗೆಂದು ರಾತ್ರಿ ಪೂರ್ತಿ ಓದಿದೆ ಗುರುಗಳೇ, ಅದರಲ್ಲಿ ಮದ್ದೆಲ್ಲಿದೆ?” ಎಂದಳು. ನಾಚಿ ಅಂದೇ ಅದನ್ನು ಕಿತ್ತುಹಾಕಿದೆವು.

ಬರೆಯುವವರಲ್ಲಿ ನಮ್ಮ ವಿನಂತಿಯಿಷ್ಟೇ: ನಿಜವಾದ ವರ್ಗಗಳು ಎರಡು ಮೂರು ಸಾಕು. ಇಷ್ಟನ್ನು ಓದಿದವರು ಮುಂದೇನು ಕೇಳುವರೆಂಬುದನ್ನು ಆಲೋಚಿಸಿ, ಅಲ್ಲಿಗೇ ಕೊಂಡಿ ಹಾಕಿರಿ.