ಮೋಟಾರಿನ ಕೀಲೆಣ್ಣೆ

ನಮ್ಮ ಬೀದಿಯ ನಿವೃತ್ತ ಅಧ್ಯಾಪಕರೊಬ್ಬರು ಶ್ರಾವಣದ ಒಂದು ಬೆಳಗ್ಗೆ ನನ್ನನ್ನು ಕರೆದೊಯ್ದು ತಮ್ಮ ಕಾರಿನ ಮುಂದೆ ನಿಲ್ಲಿಸಿದರು. ಬಾನೆಟ್ಟು ತೆರೆದಿತ್ತು. ಎಂಜಿನ್ನಿಗೆ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಅದರ ಒಳಮೈಯನ್ನು ನನ್ನೆಡೆಗೆ ಹಿಡಿದರು. ಮಜ್ಜಿಗೆ ಕಡೆದಾಗ ಕಡೆಗೋಲಿಗೆ ಹತ್ತುವ ಬೆಣ್ಣೆಯಂಥ ನಸುಹಳದಿಯ ಜಿಡ್ಡು ಅಲ್ಲಿ ಮೆತ್ತಿಕೊಂಡಿತ್ತು.

"ನೋಡಿ ಸ್ವಾಮಿ, ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕೆಂದು ಪುಸ್ತಕದಲ್ಲಿದೆ. ಹೋದ ಸಲ ಬದಲಿಸಿ ಎರಡು ವರ್ಷವಾಯಿತು, ನಿಜ. ಆದರೆ ಗಾಡಿ ಮೂರು ಸಾವಿರವೂ ಓಡಿಲ್ಲ. ಓಡದ ಗಾಡಿಗೆ ಇದೇನು ರೋಗ?" ಎಂದರು.

ಅದೇ ವಾರ ಬೆಂಗಳೂರಿನಿಂದ ಬಂದಿದ್ದ ನನ್ನ ಸೋದರಳಿಯನ ನಂಬಿಕೆ ಇದಕ್ಕೆ ನೇರ ವಿರುದ್ಧ. ಅವನು ಮೂರು ಸಾವಿರಕ್ಕೊಮ್ಮೆ ತಪ್ಪದೆ ಎಣ್ಣೆ ಬದಲಿಸುವವನು. "ಕಪ್ಪಾಗಿಬಿಡುತ್ತದೆ ಮಾವ, ನೋಡಿದರೆ ಹೇಸಿಗೆಯಾಗುತ್ತದೆ" ಎಂಬುದು ಅವನ ಸಮರ್ಥನೆ. ಒಬ್ಬರು ದೂರವನ್ನು ನಂಬಿದರು, ಇನ್ನೊಬ್ಬ ಬಣ್ಣವನ್ನು ನಂಬಿದ. ಕಂಪೆನಿ ಗೊತ್ತುಮಾಡಿದ ಎರಡು ಸರ್ವೀಸುಗಳ ನಡುವೆ ಎಣ್ಣೆಯನ್ನು ಬದಲಿಸಬೇಕೆ, ಬೇಡವೆ? ಕಾರುಳ್ಳ ಮನೆಗಳಲ್ಲೆಲ್ಲ ಒಮ್ಮೆಯಾದರೂ ಏಳುವ ಪ್ರಶ್ನೆ ಇದು. ಉತ್ತರಕ್ಕೆ ಮೊದಲು ಆ ಎಣ್ಣೆ ಎಂಜಿನ್ನಿನೊಳಗೆ ಏನು ಮಾಡುತ್ತದೆಂಬುದನ್ನು ತಿಳಿಯಬೇಕಾಗುತ್ತದೆ.

ನಮ್ಮ ಎತ್ತಿನ ಗಾಡಿಗಳಿಗೂ ಎಣ್ಣೆ ಬೇಕಾಗಿತ್ತು. ಅಚ್ಚಿಗೆ ಹರಳೆಣ್ಣೆ ಹಚ್ಚದೆ ಹೊರಟ ಗಾಡಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಮೋಟಾರು ಬಂದ ಮೇಲೂ ಹರಳೆಣ್ಣೆಯ ನಂಟು ಕೂಡಲೆ ಕಡಿದುಹೋಗಲಿಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿ 1909ರಲ್ಲಿ ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ ಮಾರಾಟಕ್ಕಿಟ್ಟ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಹರಳಿನ ಇಂಗ್ಲಿಷ್ ಹೆಸರು ಅದರಲ್ಲಿ ಅಡಗಿದೆ. ಅಜ್ಜಿಯರು ಮಕ್ಕಳ ನೆತ್ತಿಗೆ ಒತ್ತುತ್ತಿದ್ದ ಎಣ್ಣೆ ಹೀಗೆ ವಿಮಾನದ ಎಂಜಿನ್ನುಗಳೊಳಗೂ ಹರಿಯಿತು.

ಎಣ್ಣೆ ಲೋಹವನ್ನು ಜಾರುವಂತೆ ಮಾಡುತ್ತದೆ ಎಂದಷ್ಟೇ ಹೇಳಿದರೆ ಅರ್ಧ ಮಾತಾಗುತ್ತದೆ. 1883ರ ಸುಮಾರಿಗೆ ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲುಗಾಡಿಯ ಅಚ್ಚುಗಳ ಬೇರಿಂಗನ್ನು ಪರೀಕ್ಷಿಸುತ್ತಿದ್ದ. ಮೇಲಿನಿಂದ ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗಿದೊಡನೆ ಎಣ್ಣೆ ಒಳಗೆ ಇಳಿಯುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದ, ಬಿರಡೆಯೇ ಹೊರಬಿತ್ತು. ಮರದ ಬೆಣೆ ಹೊಡೆದ, ಅದನ್ನೂ ಎಣ್ಣೆ ನೂಕಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿಗೆ ಎಳೆದುಕೊಂಡು, ಆ ಒತ್ತಡದ ಮೇಲೆ ತೇಲುತ್ತದೆ ಎಂಬುದು ಹೀಗೆ ಗೋಚರವಾಯಿತು. ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ಸೂತ್ರ ಕೊಟ್ಟ. ನಮ್ಮ ಕಾರಿನ ಕ್ರ್ಯಾಂಕ್‌ಶಾಫ್ಟು ಸೆಕೆಂಡಿಗೆ ಐವತ್ತು ಸುತ್ತು ತಿರುಗುವಾಗಲೂ ತನ್ನ ಬೇರಿಂಗನ್ನು ಮುಟ್ಟಿರುವುದಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆಯಿರುತ್ತದೆ.

ಆದರೆ ಈ ತೇಲುವಿಕೆ ತಿರುಗುತ್ತಿರುವಷ್ಟು ಹೊತ್ತು ಮಾತ್ರ. ಗಾಡಿ ನಿಂತಾಗ ಲೋಹ ಲೋಹದ ಮೇಲೆ ಕೂರುತ್ತದೆ. ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಉಜ್ಜಾಟ ತಪ್ಪದು. ಆ ಸಮಯಕ್ಕೆಂದೇ ಎಣ್ಣೆಯಲ್ಲಿ ಸತುವು, ರಂಜಕ, ಗಂಧಕಗಳ ಸಂಯುಕ್ತವೊಂದನ್ನು ಬೆರೆಸಿರುತ್ತಾರೆ. ಅದು ಲೋಹದ ಮೈಮೇಲೆ ತೆಳುವಾದ ಕವಚವಾಗಿ ನಿಂತು, ಲೋಹದ ಬದಲು ತಾನು ಸವೆಯುತ್ತದೆ. ಮಸಿಯನ್ನು ತೊಳೆಯುವ ದ್ರವ್ಯ, ತೊಳೆದ ಮಸಿ ಗಡ್ಡೆಕಟ್ಟದಂತೆ ತೇಲಿಸುವ ದ್ರವ್ಯ, ಆಮ್ಲವನ್ನು ಶಮನಗೊಳಿಸುವ ದ್ರವ್ಯ ಇವೂ ಜೊತೆಗಿರುತ್ತವೆ. ಎಣ್ಣೆ ಹಳತಾಯಿತೆಂದರೆ ಬಹುಪಾಲು ಈ ದ್ರವ್ಯಗಳು ಖರ್ಚಾದುವೆಂದೇ ಅರ್ಥ.

ಸೋದರಳಿಯನ ಹೇಸಿಗೆಗೆ ಇಲ್ಲಿಯೇ ಸಮಾಧಾನವಿದೆ. ಎಣ್ಣೆ ಕಪ್ಪಾಗುವುದು ಅದು ಕೆಟ್ಟಿತೆಂಬುದರ ಗುರುತಲ್ಲ; ಲೋಹಕ್ಕೆ ಅಂಟಬೇಕಾಗಿದ್ದ ಮಸಿಯನ್ನು ತಾನು ಹೊತ್ತುಕೊಂಡಿದೆಯೆಂಬುದರ ಗುರುತು. ಒರೆಸಿದ ಬಟ್ಟೆ ಕೊಳೆಯಾಯಿತೆಂದರೆ ನೆಲ ಶುದ್ಧವಾಯಿತೆಂದು ತಾನೆ? ಡೀಸೆಲ್ ಕಾರಿನಲ್ಲಿ ಹೊಸ ಎಣ್ಣೆ ಹೊಯ್ದು ಸ್ವಲ್ಪ ದೂರ ಓಡಿಸುವಷ್ಟರಲ್ಲಿ ಕಾಡಿಗೆಯಾಗಿರುತ್ತದೆ, ಅದು ಸಹಜ. ವರ್ಕ್‌ಶಾಪಿನ ಹುಡುಗ ಕಡ್ಡಿಯನ್ನು ಎತ್ತಿ ಹಿಡಿದು, "ನೋಡಿ ಸಾರ್, ಪೂರ್ತಿ ಕಪ್ಪು" ಎಂದೊಡನೆ ಹಣ ಬಿಚ್ಚಬೇಕಾಗಿಲ್ಲ.

ಇನ್ನು ಮೇಷ್ಟರ ಬೆಣ್ಣೆಯ ಕಥೆ. ಅವರ ಕಾರು ದಿನವೂ ಹೋಗುವುದು ಸರಸ್ವತೀಪುರದಿಂದ ದೇವರಾಜ ಮಾರುಕಟ್ಟೆಗೆ. ತರಕಾರಿ ಕೊಂಡು ತಿರುಗಿ ಮನೆಗೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಪೆಟ್ರೋಲಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ಆಗುವ ನೀರು ಅದು. ಹೆಚ್ಚಿನದು ಆವಿಯಾಗಿ ಹೊಗೆಕೊಳವೆಯಿಂದ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ನುಸುಳಿ ಕೆಳಗಿನ ಸಂಪಿಗೆ ಇಳಿಯುತ್ತದೆ. (ನಮ್ಮ ಮನೆಗಳ ನೀರಿನ ತೊಟ್ಟಿಗೂ ಸಂಪು ಎಂದೇ ಹೆಸರು, ಇಲ್ಲಿ ಅದು ಎಂಜಿನ್ನಿನ ಅಡಿಯ ಎಣ್ಣೆಯ ತೊಟ್ಟಿ.) ಉರಿಯದ ಪೆಟ್ರೋಲೂ ಅದೇ ದಾರಿ ಹಿಡಿಯುತ್ತದೆ. ಗಾಡಿ ಅರ್ಧ ಗಂಟೆ ಓಡಿದರೆ ಎಣ್ಣೆ ಚೆನ್ನಾಗಿ ಕಾದು, ಈ ನೀರೂ ಪೆಟ್ರೋಲೂ ಆವಿಯಾಗಿ ಹೊರಬೀಳುತ್ತವೆ. ಐದು ನಿಮಿಷದಲ್ಲಿ ನಿಲ್ಲಿಸಿದರೆ ಎಲ್ಲವೂ ಅಲ್ಲಿಯೇ ಉಳಿಯುತ್ತವೆ. ನೀರು ಎಣ್ಣೆಯೊಡನೆ ಕಲಸಿ ಬೆಣ್ಣೆಯಾಗುತ್ತದೆ, ಆಮ್ಲವನ್ನು ಹುಟ್ಟಿಸುತ್ತದೆ. ಪೆಟ್ರೋಲು ಎಣ್ಣೆಯನ್ನು ತೆಳುವಾಗಿಸುತ್ತದೆ. ಮುಚ್ಚಳದಲ್ಲಿ ಇಂಥ ಜಿಡ್ಡು ಕಂಡವರು ರೇಡಿಯೇಟರಿನ ನೀರು ಇಳಿದಿದೆಯೇ ಎಂದೂ ನೋಡಬೇಕು. ಇಳಿದಿದ್ದರೆ ಗ್ಯಾಸ್ಕೆಟ್ಟು ಒಡೆದು ನೀರು ಒಳಸೋರುತ್ತಿರಬಹುದು, ಅದು ಬೇರೆಯೇ ಬೇನೆ. ಮೇಷ್ಟರ ಗಾಡಿಯಲ್ಲಿ ನೀರು ಇಳಿದಿರಲಿಲ್ಲ. ಅವರ ಮೇಸ್ತ್ರಿ ನನಗಿಂತ ಚೆನ್ನಾಗಿ ಹೇಳಿದ: "ಮೇಷ್ಟ್ರೇ, ನಿಮ್ಮ ಗಾಡಿ ದುಡಿದು ಕೆಟ್ಟಿಲ್ಲ, ಕೂತು ಕೆಟ್ಟಿದೆ."

ಇದಕ್ಕೆ ಪೂರಕವಾದ ಪರೀಕ್ಷೆಯೊಂದಿದೆ. ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ನ್ಯೂಯಾರ್ಕಿನ 75 ಟ್ಯಾಕ್ಸಿಗಳನ್ನು ತಲಾ 60,000 ಮೈಲಿ ಓಡಿಸಿ, ಕೆಲವಕ್ಕೆ 3,000 ಮೈಲಿಗೂ ಕೆಲವಕ್ಕೆ 6,000 ಮೈಲಿಗೂ ಎಣ್ಣೆ ಬದಲಿಸಿ, ಕೊನೆಗೆ ಎಂಜಿನ್ನು ಬಿಚ್ಚಿ ಅಳೆದು, 1996ರಲ್ಲಿ ವರದಿ ಮಾಡಿತು. ಸವೆತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇಗಬೇಗ ಬದಲಿಸುವುದು ವ್ಯರ್ಥವೆಂದು ಇದನ್ನೋದಿದ ಹಲವರು ತೀರ್ಮಾನಿಸಿದರು. ಆದರೆ ಟ್ಯಾಕ್ಸಿಯ ಎಂಜಿನ್ನು ಹಗಲಿರುಳು ಬಿಸಿಯಾಗಿಯೇ ಇರುವಂಥದು. ತಣ್ಣಗಾಗಿ ಮತ್ತೆ ಚಾಲೂ ಆಗುವ ಸಂದರ್ಭಗಳೇ ಅದಕ್ಕೆ ಕಡಿಮೆ. ಅಲ್ಲಿ ಎಣ್ಣೆ ಚೆನ್ನಾಗಿ ಉಳಿದುದರಲ್ಲಿ ಆಶ್ಚರ್ಯವಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ದುಡಿಯುವ ಟ್ಯಾಕ್ಸಿಗಿಂತ, ನಾಲ್ಕು ಕಿಲೋಮೀಟರ್ ಓಡಿ ನೆರಳಲ್ಲಿ ನಿಲ್ಲುವ ಮೇಷ್ಟರ ಕಾರಿನಲ್ಲಿ ಎಣ್ಣೆಗೆ ಕಿಲೋಮೀಟರಿಗಿಷ್ಟೆಂದು ಬೀಳುವ ಕಷ್ಟ ಹೆಚ್ಚು.

ಹಾಗಾದರೆ ದೂರವನ್ನಷ್ಟೇ ಲೆಕ್ಕ ಹಾಕುವಂತಿಲ್ಲ, ಓಟದ ಬಗೆಯನ್ನು ನೋಡಬೇಕು. ಕಾರಿನ ಪುಸ್ತಕದಲ್ಲಿ ಇದು ಇಲ್ಲವೆಂದಲ್ಲ. ನಾವು ಓದುವುದಿಲ್ಲ, ಅಷ್ಟೆ. 'ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಎಂಬಂಥ ವಾಕ್ಯದಲ್ಲಿ ನಮ್ಮ ಕಣ್ಣು ಮೊದಲ ಭಾಗಕ್ಕೇ ನಿಂತುಬಿಡುತ್ತದೆ. ಕಠಿಣ ಬಳಕೆಗೆ ಪ್ರತ್ಯೇಕ ಪಟ್ಟಿಯೊಂದು ಎಷ್ಟೋ ಪುಸ್ತಕಗಳ ಹಿಂದಿನ ಪುಟಗಳಲ್ಲಿರುತ್ತದೆ: ಸದಾ ಚಿಕ್ಕ ಓಟ, ಧೂಳಿನ ಹಾದಿ, ನಿಂತಲ್ಲೇ ಎಂಜಿನ್ನು ಉರಿಯುವ ಸಂದಣಿ, ಭಾರ ಎಳೆಯುವುದು. ಬಳ್ಳಾರಿಯ ಅದಿರಿನ ರಸ್ತೆಯಲ್ಲಿ ಓಡಾಡುವವರೂ, ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಬದುಕು ಕಳೆಯುವವರೂ ತಾವು ಸಾಮಾನ್ಯ ಬಳಕೆದಾರರೆಂದೇ ಭಾವಿಸಿರುತ್ತಾರೆ. ಇಂಥವರು ಆ ಪಟ್ಟಿಯ ಪ್ರಕಾರ ನಡುವೆ ಒಮ್ಮೆ ಬದಲಿಸುವುದು ಯುಕ್ತ. ಮೈಸೂರಿನಿಂದ ವಾರವಾರ ಹಾಸನಕ್ಕೋ ಮಂಗಳೂರಿಗೋ ಒಂದೇ ಓಟದಲ್ಲಿ ಹೋಗಿಬರುವವನು ಬದಲಿಸಿದರೆ ಎಣ್ಣೆ ಮಾರುವವನಿಗೆ ಲಾಭ.

2020ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಳ್ಳವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಇವುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಜರಡಿಯೊಂದಿದೆ. ಅದು ತುಂಬಿದಾಗ ಹೆಚ್ಚಿಗೆ ಡೀಸೆಲ್ ಬಿಟ್ಟು ಮಸಿಯನ್ನು ಸುಡುವ ಏರ್ಪಾಡು ಅನೇಕ ಕಾರುಗಳಲ್ಲಿದೆ. ಊರೊಳಗಿನ ಓಟದಲ್ಲಿ ಈ ಕ್ರಿಯೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ, ಆ ಡೀಸೆಲಿನ ಒಂದಂಶ ಸಿಲಿಂಡರಿನ ಗೋಡೆಯಿಂದ ಜಾರಿ ಎಣ್ಣೆಗೆ ಸೇರುತ್ತದೆ. ಆಗ ಎಣ್ಣೆಯ ಮಟ್ಟ ಇಳಿಯುವುದರ ಬದಲು ಏರುತ್ತದೆ. ಮಟ್ಟ ಏರಿತೆಂದು ಸಂತೋಷಪಡಬಾರದು. ಏರಿ ಮೇಲಿನ ಗೆರೆಯನ್ನು ದಾಟಿದರೆ ದಿನಾಂಕ ನೋಡದೆ ಬದಲಿಸಬೇಕು. ಆ ಜರಡಿಗೆ ಬೂದಿ ಕಡಿಮೆಯಿರುವ ದರ್ಜೆಯ ಎಣ್ಣೆಯೇ ಆಗಬೇಕು. ನಡುವೆ ಬದಲಿಸುವ ಉತ್ಸಾಹದಲ್ಲಿ ದಾರಿಬದಿಯ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹೊಯ್ದರೆ, ಬದಲಿಸದೆ ಇದ್ದುದಕ್ಕಿಂತ ಹೆಚ್ಚಿನ ನಷ್ಟ. 5ಡಬ್ಲ್ಯೂ-30 ಎಂಬಂಥ ಗುರುತು ಮಂದತನವನ್ನು ಮಾತ್ರ ಹೇಳುತ್ತದೆ. ಅದರ ಪಕ್ಕದ ದರ್ಜೆಯ ಅಕ್ಷರಗಳೂ ಪುಸ್ತಕದಲ್ಲಿದ್ದಂತೆಯೇ ಇರಬೇಕು. ರಸೀತಿ ಇಟ್ಟುಕೊಳ್ಳುವುದೂ ಒಳ್ಳೆಯದು.

ಬದಲಿಸುವ ಮಾತೇ ಇಷ್ಟಾಯಿತು. ಸರ್ವೀಸುಗಳ ನಡುವೆ ಅದಕ್ಕಿಂತ ಅಗತ್ಯವಾದ ಕೆಲಸವೊಂದಿದೆ. ಅದನ್ನು ನಾನು ಕಲಿತದ್ದು ತಡವಾಗಿ, 1984ರಲ್ಲಿ. ಆಗ ನಾನೂ ಸೋದರಳಿಯನ ಮತದವನೇ. ಹಳೆಯ ಕಾರೊಂದಕ್ಕೆ ಹೊಸ ಎಣ್ಣೆ ಹಾಕಿಸಿ ಸಾವಿರ ಕಿಲೋಮೀಟರೂ ಆಗಿರಲಿಲ್ಲ. ಧರ್ಮಸ್ಥಳದಿಂದ ಹಿಂದಿರುಗುತ್ತ ಚಾರ್ಮಾಡಿ ಘಾಟಿ ಏರುವಾಗ ತಿರುವಿನಲ್ಲಿ ಕೆಂಪು ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು. ಎಣ್ಣೆ ಮೊನ್ನೆಯಷ್ಟೇ ಹಾಕಿಸಿದ್ದಲ್ಲವೆ, ದೀಪದ ತಂತಿಯೇ ಕೆಟ್ಟಿರಬೇಕೆಂದು ತೀರ್ಮಾನಿಸಿ ಮುಂದುವರಿದೆ. ಕೊಟ್ಟಿಗೆಹಾರ ಸೇರುವ ಮೊದಲೇ ಎಂಜಿನ್ನು ಬಡಿದುಕೊಂಡು ನಿಂತಿತು. ಹೆಂಡತಿಯೂ ಇಬ್ಬರು ಮಕ್ಕಳೂ ಮಳೆಯಲ್ಲಿ, ಯಾರದೋ ಲಾರಿಯ ಮರೆಯಲ್ಲಿ ಎರಡು ಗಂಟೆ ನಿಂತರು. ಮುದಿ ಎಂಜಿನ್ನು ಎಣ್ಣೆಯನ್ನು ಸುಡುತ್ತಿತ್ತು. ಕಡ್ಡಿಯ ತುದಿಗೂ ಅದು ತಾಗುತ್ತಿರಲಿಲ್ಲ. ಎಣ್ಣೆ ಹೊಸದೇ, ಆದರೆ ಇರಲಿಲ್ಲ. ಎಂಜಿನ್ನು ಬಿಚ್ಚಿಸಿ ಕಟ್ಟಿಸಲು ನಾಲ್ಕು ತಿಂಗಳ ಸಂಬಳ ಹೋಯಿತು.

ಆದುದರಿಂದ ತಿಂಗಳಿಗೊಮ್ಮೆ, ದೂರದ ಪಯಣಕ್ಕೆ ಮೊದಲೊಮ್ಮೆ, ಸಮನಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ನು ಆರಿಸಿ ಹತ್ತು ನಿಮಿಷ ಕಾದು, ಕಡ್ಡಿಯನ್ನು ಹೊರಗೆಳೆದು ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಬೇಕು. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಕೆಳಗಿನ ಗೆರೆಗೆ ಬಂದಿದ್ದರೆ ಅದೇ ದರ್ಜೆಯ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು, ಮೇಲಿನ ಗೆರೆ ಮೀರಕೂಡದು. ಬಹುಮಂದಿಗೆ ಎರಡು ಸರ್ವೀಸುಗಳ ನಡುವೆ ಬೇಕಾಗುವುದು ಇಷ್ಟೇ. ಇತ್ತೀಚಿನ ಕೆಲವು ಕಾರುಗಳಲ್ಲಿ ಎಣ್ಣೆಯ ಆಯುಸ್ಸನ್ನು ಗುಣಿಸಿ ಹೇಳುವ ಗಣಕವಿದೆ. ಆದರೆ ಎಷ್ಟೋ ಕಾರುಗಳಲ್ಲಿ ಅದು ಲೆಕ್ಕ ಹಾಕುವುದು ಸುತ್ತು, ಶಾಖ, ಓಟಗಳನ್ನು. ಎಣ್ಣೆ ಇದೆಯೋ ಇಲ್ಲವೋ ಎಂದು ಅದು ಇಣುಕಿ ನೋಡುವುದಿಲ್ಲ.

ಮೇಷ್ಟರ ಕಾರಿಗೆ ಅಂದೇ ಹೊಸ ಎಣ್ಣೆಯೂ ಹೊಸ ಫಿಲ್ಟರೂ ಬಿದ್ದುವು. ತೆಗೆದ ಎಣ್ಣೆಯನ್ನು ಡಬ್ಬದಲ್ಲಿ ಮನೆಗೆ ಒಯ್ದು ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಂತೆ ಬಳಿಯಬೇಕೆಂದು ಅವರ ಯೋಚನೆ. ನಮ್ಮಲ್ಲಿ ರೂಢಿಯಲ್ಲಿರುವುದೇ ಅದು. ಆದರೆ ಆ ಎಣ್ಣೆಯಲ್ಲಿ ಸವೆದ ಲೋಹವೂ ವಿಷದ ಅಂಶಗಳೂ ಇರುತ್ತವೆ, ಮಳೆಗೆ ತೊಳೆದು ನಿಮ್ಮ ಬಾವಿಗೇ ಇಳಿಯುತ್ತದೆ ಎಂದೆ. ಶುದ್ಧಿಮಾಡಿದರೆ ಅದು ಮತ್ತೆ ಎಣ್ಣೆಯಾಗಬಲ್ಲುದು ಎಂದೂ ಹೇಳಿದೆ. ಡಬ್ಬವನ್ನು ಮೇಸ್ತ್ರಿಯ ಪೀಪಾಯಿಗೆ ಬಗ್ಗಿಸಿದರು. ಈಗ ಅವರು ಭಾನುವಾರಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿಬರುತ್ತಾರೆ. ಎಂಜಿನ್ನು ಕಾಯಲೆಂದು ಹೊರಟದ್ದು ಎನ್ನುತ್ತಾರೆ. ಹೊಳೆಯ ದಂಡೆಯಲ್ಲಿ ಒಂದು ಗಂಟೆ ಕೂರುತ್ತಾರೆಂದು ಅವರ ಮನೆಯವರ ವರದಿ.