ತರಬೇತಿಯ ರಶೀದಿ ಮತ್ತು ವರಮಾನ ತೆರಿಗೆ



ತೊಪ್ಪೂರು ಕಣಿವೆ ಇಳಿಯುವ ಲಾರಿಗಳನ್ನು ನೀವು ದಿನವೂ ನೋಡುತ್ತೀರಿ. ಅವುಗಳ ನಡುವೆ ಪೆಟ್ರೋಲು, ಗ್ಯಾಸು, ಆಸಿಡ್ಡು ತುಂಬಿದ ಟ್ಯಾಂಕರುಗಳೂ ಇರುತ್ತವೆ. ಅಂಥ ಅಪಾಯದ ಸರಕು ಸಾಗಿಸುವ ಚಾಲಕ ಮೂರು ದಿನದ ತರಬೇತಿ ಪಡೆದು, ಅದನ್ನು ಲೈಸೆನ್ಸಿನಲ್ಲಿ ಬರೆಸಿಕೊಂಡಿರಬೇಕು. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮ. ಚಾಲಕನೇ ಟ್ಯಾಂಕರಿನ ಮಾಲೀಕನೂ ಆಗಿದ್ದರೆ, ಆ ತರಬೇತಿಗೆ ಕಟ್ಟಿದ ಫೀಜನ್ನು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯಬಹುದೆ? ಹೊಲಿಗೆ ಅಂಗಡಿಯವರು ಕಂಪ್ಯೂಟರ್ ಕಸೂತಿ ಕಲಿತರೆ, ಮೆಕ್ಯಾನಿಕ್ಕು ಬ್ಯಾಟರಿ ಸ್ಕೂಟರಿನ ರಿಪೇರಿ ಕಲಿತರೆ, ಅವರ ಪ್ರಶ್ನೆಯೂ ಇದೇ.

ಕಳೆಯಬಹುದು. ಆದರೆ ನಮ್ಮ ಕಡೆಯ ಬಹಳ ಜನಕ್ಕೆ ಅದರಿಂದ ಒಂದು ಕಾಸೂ ಉಳಿಯುವುದಿಲ್ಲ. ಎರಡು ಮಾತೂ ನಿಜ. ಹೇಗೆಂದು ಹೇಳುತ್ತೇನೆ.

1961ರ ವರಮಾನ ತೆರಿಗೆ ಕಾಯ್ದೆಯ 37(1)ನೆಯ ಸೆಕ್ಷನ್ ಈ ಬಗೆಯ ಖರ್ಚಿಗೆ ಜಾಗ ಕೊಟ್ಟಿತು. ಅದರ ಬದಲಿಗೆ ಬಂದ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ನುಗಳ ಅಂಕಿ ಬದಲಾದರೂ ತಿರುಳು ಅದೇ. ಖರ್ಚು ಪೂರ್ತಿಯಾಗಿ ನಿಮ್ಮ ಕಸುಬಿಗೇ ಆಗಿರಬೇಕು, ಸ್ವಂತದ್ದಾಗಿರಬಾರದು, ಬಂಡವಾಳದ ಖರ್ಚೂ ಆಗಿರಬಾರದು.

ನಡೆಯುತ್ತಿರುವ ಕಸುಬನ್ನು ಇನ್ನಷ್ಟು ಚೆನ್ನಾಗಿ ಮಾಡಲು ಕಲಿತರೆ ತೊಂದರೆಯಿಲ್ಲ. ಇನ್ನೂ ತೆರೆಯದ ಅಂಗಡಿಗಾಗಿ ಕಲಿತದ್ದು, ಮಗನ ಕಾಲೇಜಿನ ಫೀಜು, ಇವು ನಡೆಯುವುದಿಲ್ಲ. ಪುಣೆಯ 'ಸಕಾಳ್' ಪತ್ರಿಕೆಯ ಕಂಪನಿ ತನ್ನ ನಿರ್ದೇಶಕರ ಮಗಳನ್ನು ಪತ್ರಿಕೋದ್ಯಮ ಕಲಿಯಲು ಅಮೆರಿಕಕ್ಕೆ ಕಳಿಸಿತ್ತು. 1978ರಲ್ಲಿ ವರದಿಯಾದ ತೀರ್ಪಿನಲ್ಲಿ ಬೊಂಬಾಯಿ ಹೈಕೋರ್ಟು ಆ ಖರ್ಚನ್ನು ಒಪ್ಪಿತು, ಏಕೆಂದರೆ ಆ ಓದಿಗೂ ಪತ್ರಿಕೆಯ ಕೆಲಸಕ್ಕೂ ನೇರ ನಂಟಿತ್ತು. ಇನ್ನೊಂದು ಕಡೆ ಹಿರಿಯ ವಕೀಲ ಶಾಂತಿ ಭೂಷಣ್ ತಮ್ಮ ಹೃದಯದ ಶಸ್ತ್ರಚಿಕಿತ್ಸೆಯ ಖರ್ಚನ್ನು ವಕೀಲಿಯ ಖರ್ಚೆಂದು ಕೇಳಿದರು. ಹೃದಯವೂ ಕಸುಬಿನ ಯಂತ್ರವೇ, ಇದು ಅದರ ರಿಪೇರಿ ಎಂಬ ವಾದವೂ ನಡೆಯಿತು! ದೆಹಲಿ ಹೈಕೋರ್ಟು 2011ರಲ್ಲಿ ಒಪ್ಪಲಿಲ್ಲ. ಹೃದಯ ಬೇಕಾದ್ದು ಬದುಕುವುದಕ್ಕೆ, ವಕೀಲಿಗೆ ಮಾತ್ರವಲ್ಲವಲ್ಲ.

ಇನ್ನು ಕಾಸು ಉಳಿಯದ ಸಂಗತಿ. ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಬಹಳ ಮಂದಿ ಪುಸ್ತಕ ಇಡುವುದಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಾರೆ. ಹಳೆಯ ಕಾಯ್ದೆಯಲ್ಲಿ ಅದು 44ಎಡಿ. ಒಟ್ಟು ವಹಿವಾಟಿನಲ್ಲಿ ನೂರಕ್ಕೆ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ 6, ಇಷ್ಟನ್ನಾದರೂ ಲಾಭವೆಂದು ತೋರಿಸಬೇಕು. ಹೊಲಿಗೆ ಅಂಗಡಿಗೆ ವರ್ಷಕ್ಕೆ 10 ಲಕ್ಷ ನಗದು ಬಂದರೆ ಲಾಭ 80 ಸಾವಿರ. ಉಳಿದ 9 ಲಕ್ಷ 20 ಸಾವಿರ ಖರ್ಚೆಂದು ಸರ್ಕಾರವೇ ಒಪ್ಪಿಕೊಂಡಾಯಿತು. ಬಟ್ಟೆ, ನೂಲು, ಬಾಡಿಗೆ, ತರಬೇತಿ ಎಲ್ಲವೂ ಅದರೊಳಗೇ. ಕಸೂತಿ ತರಬೇತಿಯ ರಶೀದಿ ಹಿಡಿದು ಇನ್ನೊಮ್ಮೆ ಕೇಳುವ ಹಾಗಿಲ್ಲ.

ಲಾರಿಯವರಿಗೆ 44ಎಇ. ವರ್ಷದಲ್ಲಿ ಯಾವ ಹೊತ್ತಿಗೂ ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದವರಿಗೆ ಇದು. 12 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ವಾಹನಕ್ಕೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಚಿಕ್ಕದಕ್ಕೆ ತಿಂಗಳಿಗೆ 7,500. 16 ಟನ್ನಿನ ಲಾರಿಗೆ ವರ್ಷಕ್ಕೆ 1,92,000 ರೂಪಾಯಿ ವರಮಾನ. ಡೀಸೆಲು, ಟಯರು, ಮೂರು ದಿನದ ತರಬೇತಿ ಎಲ್ಲ ಅಲ್ಲಿಗೇ ಮುಗಿಯಿತು. ವೈದ್ಯರು, ವಕೀಲರು, ಇಂಜಿನಿಯರುಗಳಿಗೆ 44ಎಡಿಎ. ಬಂದ ಹಣದಲ್ಲಿ ಅರ್ಧ ಲಾಭ. ಇವರಲ್ಲಿ ಕೆಲವರ ಖರ್ಚು ಅರ್ಧಕ್ಕಿಂತ ಹೆಚ್ಚಾಗಬಹುದು. ಅಂಥವರು ಪುಸ್ತಕ ಇಟ್ಟರೆ ತರಬೇತಿಯ ರಶೀದಿಗೆ ಬೆಲೆ ಬರುತ್ತದೆ.

ಹಾಗಾದರೆ ಅಂದಾಜು ಬಿಟ್ಟು ಪುಸ್ತಕ ಇಡೋಣವೆ? ಇಡಬಹುದು. ಆದರೆ ಅಂದಾಜಿಗಿಂತ ಕಡಿಮೆ ಲಾಭ ತೋರಿಸಿದರೆ ಲೆಕ್ಕ ಇಡಬೇಕು, ಆಡಿಟ್ಟೂ ಬೀಳಬಹುದು. 44ಎಡಿಯನ್ನು ನಡುವೆ ಬಿಟ್ಟವರು ಮುಂದಿನ ಐದು ವರ್ಷ ಅದಕ್ಕೆ ಮರಳುವಂತಿಲ್ಲ. 15 ಸಾವಿರದ ತರಬೇತಿಗಾಗಿ ಆಡಿಟರ ಫೀಜು ತೆರುವುದು ನನ್ನ ಲೆಕ್ಕದಲ್ಲಿ ಬುದ್ಧಿವಂತಿಕೆಯಲ್ಲ. ಅದಲ್ಲದೆ 2025–26ರ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಬೀಳುವುದಿಲ್ಲ. ಬೀಳದ ತೆರಿಗೆಯಲ್ಲಿ ಉಳಿಸುವುದೇನನ್ನು?

ಪುಸ್ತಕ ಇಡುವವರು ಒಂದನ್ನು ಮರೆಯಬಾರದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ತಳ್ಳಿಹೋಗುತ್ತದೆ. 18 ಸಾವಿರ ಫೀಜನ್ನು ಕೈಯಲ್ಲಿ ಎಣಿಸಿಕೊಟ್ಟರೆ 18 ಸಾವಿರವೂ ಹೋಯಿತು. ಹತ್ತು ಉಳಿದು ಎಂಟು ಹೋಗುತ್ತದೆ ಎಂದುಕೊಳ್ಳಬೇಡಿ. ಬ್ಯಾಂಕಿನ ಮೂಲಕವೇ ಕೊಡಿ. ಕೌಂಟರಿನ ಒಳಗೆ ಕುಳಿತಿದ್ದ ವರ್ಷಗಳಲ್ಲಿ, ನಗದು ಕೊಟ್ಟು ರಶೀದಿಯಿಲ್ಲದೆ ಆಮೇಲೆ ಪೇಚಾಡಿದವರನ್ನು ಸಾಕಷ್ಟು ಕಂಡಿದ್ದೇನೆ. ತಮಿಳಿನಲ್ಲಿ ರಸೀದು ಅನ್ನಿ, ಕನ್ನಡದಲ್ಲಿ ರಶೀದಿ ಅನ್ನಿ, ಅದರ ಮೇಲೆ ನಿಮ್ಮ ಹೆಸರು, ತಾರೀಕು, ಯಾವ ತರಬೇತಿ ಎಂಬುದು ಇರಲೇಬೇಕು. ಭಾಷೆ ಯಾವುದಾದರೂ ಚಿಂತೆಯಿಲ್ಲ.

ಸಂಬಳಕ್ಕೆ ಲಾರಿ ಓಡಿಸುವವರಿಗೆ ಈ ದಾರಿಯಿಲ್ಲ. ಅವರು ಸ್ವಂತ ಕಸುಬಿನವರಲ್ಲ. ಅವರ ಫೀಜನ್ನು ಮಾಲೀಕ ಕೊಟ್ಟರೆ ಅದು ಮಾಲೀಕನ ಲೆಕ್ಕ.

ಇನ್ನೊಂದು ಮಾತು, ಇದು ಬ್ಯಾಂಕಿನವನ ಮಾತು. ಖರ್ಚು ಹೆಚ್ಚು ತೋರಿಸಿದಷ್ಟೂ ರಿಟರ್ನಿನಲ್ಲಿ ವರಮಾನ ಕಡಿಮೆ ಕಾಣುತ್ತದೆ. ಎರಡನೆಯ ಲಾರಿಗೋ ಹೊಸ ಮೆಷಿನಿಗೋ ಸಾಲ ಕೇಳಲು ಹೋದಾಗ ಮ್ಯಾನೇಜರು ಮೊದಲು ಕೇಳುವುದು ಅದೇ ರಿಟರ್ನನ್ನು. ಬರುವ ವರ್ಷ ಸಾಲ ಬೇಕಾಗಿದ್ದರೆ, ರಿಟರ್ನ್ ಹಾಕುವ ಮುನ್ನವೇ ಅದನ್ನು ನಿಮ್ಮ ಆಡಿಟರ ಕಿವಿಗೆ ಹಾಕಿ.